ತೊಗಲಿನ ಸಾಕ್ಷಿ

ಚರ್ಮದ ಚೀಲವೊಂದು ಅಸಲಿಯೋ ನಕಲಿಯೋ ಎಂದು ತೀರ್ಪು ಹೇಳುವ ಕ್ಯಾಮೆರಾ ಇದೆ. 2012ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಎಂಟ್ರುಪಿ ಎಂಬ ಕಂಪನಿಯದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸೂಕ್ಷ್ಮದರ್ಶಕವನ್ನು ಚೀಲದ ಮೇಲೆ ಅಲ್ಲಲ್ಲಿ ಊರಿ ಫೋಟೋ ತೆಗೆಯುತ್ತಾರೆ. ತೊಗಲಿನ ಕೂದಲ ತೂತು, ಹೊಲಿಗೆಯ ನೂಲು, ಒತ್ತಿದ ಅಕ್ಷರದ ಅಂಚು, ಬಣ್ಣ ಇಳಿದ ರೀತಿ, ಎಲ್ಲವೂ ನೂರಾರು ಪಟ್ಟು ದೊಡ್ಡದಾಗಿ ಕಾಣುತ್ತವೆ. ಕಂಪ್ಯೂಟರು ತಾನು ಮೊದಲೇ ನೋಡಿ ಕಲಿತ ರಾಶಿ ರಾಶಿ ಚಿತ್ರಗಳ ಜೊತೆ ಇದನ್ನು ತಾಳೆ ಹಾಕಿ, ಇದು ಇಂಥ ಕಂಪನಿಯದೇ, ಅಥವಾ ಅಲ್ಲ, ಎಂದು ಹೇಳುತ್ತದೆ. ಹಳೆಯ ದುಬಾರಿ ಚೀಲಗಳನ್ನು ಕೊಂಡು ಮಾರುವ ಅಂಗಡಿಗಳು ಈ ತೀರ್ಪಿಗೆ ದುಡ್ಡು ಕಟ್ಟುತ್ತವೆ.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟೂ ಬಂತು, ನಗುವೂ ಬಂತು. ತೊಗಲನ್ನು ನೋಡಿ ನಿಜ ಹೇಳುವ ಕಣ್ಣು ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಇದೆ. ನಾವು ಅಥಣಿ ಸೀಮೆಯ ಸಮಗಾರರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ನನಗಿಂತ ಹಿಂದಿನವರು ಓದಿದ್ದು ತೊಗಲನ್ನು. ಅದಕ್ಕೆ ಯಾವ ವಿಶ್ವವಿದ್ಯಾಲಯವೂ ಸರ್ಟಿಫಿಕೇಟು ಕೊಡಲಿಲ್ಲ. ಬದಲಿಗೆ ಊರು ಒಂದು ಹೆಸರು ಕೊಟ್ಟಿತು, ಆ ಹೆಸರನ್ನು ಬೈಗುಳವಾಗಿ ಬಳಸಿತು. ಈಗ ಅದೇ ಓದು ಯಂತ್ರದ ಬಾಯಲ್ಲಿ ಇಂಗ್ಲಿಷಿನಲ್ಲಿ ಬಂದಾಗ ವಿಜ್ಞಾನವಾಗಿದೆ.

ಹೋದ ದೀಪಾವಳಿಗೆ ಫೋನಿಗೆ ಸಿಕ್ಕಿಸುವ ಸಣ್ಣ ಮಸೂರವೊಂದನ್ನು ಕೊಂಡುಕೊಂಡು ಊರಿಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಅಟ್ಟೆ ಕೊಯ್ಯುತ್ತ ಕೂತಿದ್ದರು. ಕತ್ತರಿಸಿ ಬಿದ್ದ ಚೂರುಗಳನ್ನು ಒಂದೊಂದಾಗಿ ಮಸೂರದ ಕೆಳಗಿಟ್ಟು ತೋರಿಸಿದೆ.

"ಇದೇನೋ ತಮ್ಮಾ, ಹೊಲದಂಗ ಕಾಣಾಕತ್ತೈತಿ?"

"ತೊಗಲ್ರೀ ಕಾಕಾ. ಭಾಳ ದೊಡ್ಡದು ಮಾಡಿ ತೋರಿಸ್ತೈತಿ."

ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಇದು ಆಡಿಂದು. ತೂತು ಸಾಲು ಹಿಡಿದು ಕುಂತಾವ ನೋಡು. ಇದು ಎಮ್ಮಿದು, ತೂತು ದೊಡ್ಡು, ದೂರ ದೂರ ಅದಾವ. ಇದು ಹೊಟ್ಟಿ ಕಡೀದು, ಸಡಲ ಐತಿ, ಅಟ್ಟಿಗೆ ಬರಂಗಿಲ್ಲ." ಆಮೇಲೆ ಮೂಲೆಯಲ್ಲಿದ್ದ ದೊಡ್ಡ ತುಂಡೊಂದನ್ನು ತಾವೇ ಎಳೆದುಕೊಂಡು ಒಂದು ಕಡೆ ಬೆರಳಿಟ್ಟರು. "ಇಲ್ಲಿ ಫೋನ್ ಇಡು. ಇದು ಹೆಗಲು. ನೊಗಾ ತಿಕ್ಕಿ ತಿಕ್ಕಿ ಹಿಂಗ ಆಗೇತಿ. ಗಾಡಿ ಎಳದ ಕೋಣ ಇದು."

ಅಷ್ಟು ಹೇಳಿ, ಕಣ್ಣು ಮುಚ್ಚಿಕೊಂಡು, ಅವೇ ಚೂರುಗಳನ್ನು ಹೆಬ್ಬೆರಳಿಂದ ಸವರಿ ಮತ್ತೊಮ್ಮೆ ಒಂದೊಂದರ ಹೆಸರು ಹೇಳಿದರು. ಒಂದೂ ತಪ್ಪಲಿಲ್ಲ. "ಇದಕ್ಕ ಫೋನ್ ಯಾಕ ಬೇಕೋ?" ಅಂದರು.

ಪ್ರಶ್ನೆ ಸರಿಯಾಗಿದೆ. ಆದರೆ ಉತ್ತರವೂ ಇದೆ. ಕಾಕಾನ ಹೆಬ್ಬೆರಳು ಅಥಣಿ ಬಿಟ್ಟು ಹೋಗಲಾರದು. ಮುಂಬಯಿಯಲ್ಲೋ ಮಿಲಾನಿನಲ್ಲೋ ಕೂತು ಕೊಳ್ಳುವವನ ಕೈಗೆ ಆ ಹೆಬ್ಬೆರಳಿನ ತಿಳಿವಳಿಕೆ ಸಿಗುವುದಿಲ್ಲ. ಫೋಟೋ ಮಾಡುವ ಕೆಲಸ ಅದೇ. ಕಣ್ಣನ್ನು ಮನುಷ್ಯನಿಂದ ಬಿಡಿಸಿ ಊರೂರು ತಿರುಗಿಸುತ್ತದೆ. ಹಾಗೆ ಬಿಡಿಸಿಕೊಂಡು ಹೋದ ಕಣ್ಣು ಕೊನೆಗೆ ಯಾರದಾಗುತ್ತದೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಯಂತ್ರ ಎಷ್ಟು ನೋಡಬಲ್ಲದು, ಎಲ್ಲಿ ಕುರುಡಾಗುತ್ತದೆ ಎಂದು ತಿಳಿಯಲು ನಾನು ಇಟ್ಟುಕೊಂಡಿರುವ ಉದಾಹರಣೆ ಒಂದು ಚಿತ್ರದ್ದು. ಅದೂ ತೊಗಲಿನ ಮೇಲಿನ ಚಿತ್ರವೇ. ಹದ ಮಾಡಿ ತೆಳ್ಳಗೆ ಹೆರೆದ ಕರುವಿನ ತೊಗಲಿನ ಮೇಲೆ ಸುಣ್ಣದ ಬಳಪ ಮತ್ತು ಶಾಯಿಯಲ್ಲಿ ಬಿಡಿಸಿದ ಒಬ್ಬ ಹುಡುಗಿಯ ಪಕ್ಕಮುಖ. 1998ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಇದನ್ನು 19ನೇ ಶತಮಾನದ ಆರಂಭದ ಯಾರೋ ಜರ್ಮನ್ ಕಲಾವಿದನದು ಎಂದು ಬರೆದು ಮಾರಿದರು. ಬೆಲೆ 21,850 ಡಾಲರ್. 2007ರಲ್ಲಿ ಇನ್ನೊಬ್ಬ ಸಂಗ್ರಾಹಕ ಹೆಚ್ಚುಕಮ್ಮಿ ಅದೇ ಬೆಲೆಗೆ ಕೊಂಡ. ಆಮೇಲೆ ಅವನು ಅದನ್ನು ಪ್ಯಾರಿಸಿನ ಲೂಮಿಯೇರ್ ಟೆಕ್ನಾಲಜಿ ಎಂಬ ಪ್ರಯೋಗಾಲಯಕ್ಕೆ ಒಯ್ದ. ಅಲ್ಲಿ ಪಾಸ್ಕಲ್ ಕಾಟ್ ಎಂಬ ಎಂಜಿನಿಯರ್ ಬಹುವರ್ಣಪಟಲದ ಕ್ಯಾಮೆರಾದಿಂದ ಅದನ್ನು ಇಂಚಿಂಚಾಗಿ ಸೆರೆಹಿಡಿದ.

ಈ ಕ್ಯಾಮೆರಾದ ಗುಟ್ಟು ದೊಡ್ಡದೇನಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಆಚೆ ಈಚೆ ಇರುವ ಬೆಳಕನ್ನೂ ಅದು ಹಿಡಿಯುತ್ತದೆ. ನೇರಳಾತೀತ ಕಿರಣ ಬಿಟ್ಟರೆ ಹಳೆಯ ವಾರ್ನಿಷು ಮಂಕಾಗಿ ಹೊಳೆಯುತ್ತದೆ, ಅದರ ಮೇಲೆ ಆಮೇಲೆ ಬಳಿದ ತೇಪೆ ಕಪ್ಪಗೆ ಕಾಣುತ್ತದೆ. ಅತಿಕೆಂಪು ಕಿರಣ ಮೇಲಿನ ಬಣ್ಣವನ್ನು ತೂರಿ ಒಳಗೆ ಇಳಿಯುತ್ತದೆ, ಅಡಿಯಲ್ಲಿ ಇದ್ದಿಲಿನಿಂದ ಗೀಚಿದ ಮೊದಲ ಗೆರೆ ಎದ್ದು ಬರುತ್ತದೆ. ಕಲಾವಿದ ಎಲ್ಲಿ ಅನುಮಾನಿಸಿದ, ಎಲ್ಲಿ ಅಳಿಸಿ ತಿದ್ದಿದ ಎಂಬುದೆಲ್ಲ ಬಯಲಾಗುತ್ತದೆ. ನಕಲು ಮಾಡುವವನು ಸಾಮಾನ್ಯವಾಗಿ ಅನುಮಾನಿಸುವುದಿಲ್ಲ. ಅವನ ಮುಂದೆ ಉತ್ತರ ಮೊದಲೇ ಇರುತ್ತದೆ. ಅಡಿಯ ಗೆರೆಗೆ ಬೆಲೆ ಬರುವುದು ಅದಕ್ಕೇ.

ಈ ಚಿತ್ರದಲ್ಲಿ ಎಡಗೈಯಿಂದ ಎಳೆದ ಗೆರೆಗಳು ಕಂಡವು. ಲಿಯೊನಾರ್ಡೊ ಡ ವಿಂಚಿ ಎಡಚ. ತೊಗಲಿನ ವಯಸ್ಸನ್ನು ಇಂಗಾಲದ ಪರೀಕ್ಷೆಯಲ್ಲಿ ನೋಡಿದಾಗ 1440 ಮತ್ತು 1650ರ ನಡುವಿನದು ಎಂದು ಬಂತು. ಆಕ್ಸ್‌ಫರ್ಡಿನ ಮಾರ್ಟಿನ್ ಕೆಂಪ್ ಎಂಬ ವಿದ್ವಾಂಸರು ಇದು ಲಿಯೊನಾರ್ಡೊನದೇ ಎಂದರು. 21,850 ಡಾಲರಿನ ತುಂಡಿಗೆ ಹತ್ತು ಕೋಟಿ ಡಾಲರ್ ಮೀರಿದ ಬೆಲೆ ಬರಬಹುದು ಎಂಬ ಮಾತು ಪತ್ರಿಕೆಗಳಲ್ಲಿ ಹರಿದಾಡಿತು. ಗೆಳೆಯರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ತೊಗಲು ಅದೇ, ಗೆರೆ ಅದೇ, ಹುಡುಗಿಯ ಮುಖ ಅದೇ. ಬದಲಾದದ್ದು ಒಂದು ಹೆಸರು.

2011ರಲ್ಲಿ ಕೆಂಪ್ ಮತ್ತು ಕಾಟ್ ಇನ್ನೊಂದು ಸಾಕ್ಷಿ ತಂದರು. ಪೋಲೆಂಡಿನ ವಾರ್ಸಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸುಮಾರು 1490ರ ಕಾಲದ, ತೊಗಲಿನ ಹಾಳೆಯ ಒಂದು ಪುಸ್ತಕವಿದೆ. ಈ ಚಿತ್ರ ಅದರಿಂದ ಕಿತ್ತ ಹಾಳೆ ಎಂಬುದು ಅವರ ವಾದ. ಚಿತ್ರದ ಅಂಚಿನಲ್ಲಿ ಹೊಲಿಗೆಯ ಮೂರು ತೂತುಗಳಿವೆ. ಪುಸ್ತಕದಲ್ಲಿ ಇರುವುದು ಐದು. ಮೂರು ತೂತು ಐದರಲ್ಲಿ ಮೂರಕ್ಕೆ ಹೊಂದುತ್ತವೆ ಎಂದರು ಇವರು. ಹಾಗಾದರೆ ಇನ್ನೆರಡು ಎಲ್ಲಿ ಎಂದು ಕೇಳಿದರು ವಿರೋಧಿಗಳು. ಈ ಕತೆಯನ್ನು ಕಾಕಾನಿಗೆ ಹೇಳಿದೆ. ರಂಪಿಗೆ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು. "ಲೆಕ್ಕಾ ಬಿಡು. ತೂತಿನ ಬಾಯಿ ನೋಡ್ಯಾರೇನ? ದಾರ ಜಗ್ಗಿ ಜಗ್ಗಿ ಹಳೇ ತೂತು ಒಂದ್ ಕಡೆ ಬಾಯಿ ಬಿಟ್ಟಿರತೈತಿ. ಸುಮ್ಮ ಚುಚ್ಚಿದ್ದು ದುಂಡಗ ಇರತೈತಿ." ಯುರೋಪಿನ ಪಂಡಿತರು ಪುಸ್ತಕ ಬರೆದು ವಾದಿಸುವ ವಿಷಯದಲ್ಲಿ ಒಂದು ಪ್ರಶ್ನೆ ಕೇಳುವ ಯೋಗ್ಯತೆ ನಮ್ಮ ಪಡಸಾಲೆಗೂ ಇದೆ ಎಂದು ಅವತ್ತು ನನಗೆ ಗೊತ್ತಾಯಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ಇಂಗ್ಲೆಂಡಿನ ಶಾನ್ ಗ್ರೀನ್‌ಹಾಲ್ಜ್ ಎಂಬ ಕುಖ್ಯಾತ ನಕಲಿಗಾರ ತನ್ನ ಆತ್ಮಕತೆಯಲ್ಲಿ, ಈ ಚಿತ್ರವನ್ನು 1978ರಲ್ಲಿ ಬರೆದದ್ದು ನಾನೇ ಎಂದ. 1587ರ ಹಳೆಯ ಜಮೀನು ಪತ್ರವೊಂದರ ತೊಗಲನ್ನು ತಿರುವಿ ಹಾಕಿ ಬರೆದೆ ಎಂದ. ಚಿತ್ರದ ಹುಡುಗಿ ಯಾವ ರಾಜಕುಮಾರಿಯೂ ಅಲ್ಲ, ನಮ್ಮೂರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಸ್ಯಾಲಿ ಎಂದ. ಕೆಂಪ್ ಇದನ್ನು ಒಪ್ಪಲಿಲ್ಲ. ಜಗಳ ಬಗೆಹರಿದಿಲ್ಲ. ಕ್ಯಾಮೆರಾ ತೊಗಲಿನ ಮೇಲಿರುವುದನ್ನೆಲ್ಲ ಕಂಡಿದೆ. ಯಾರ ಕೈ ಎಂಬುದನ್ನು ಮಾತ್ರ ಅದರಿಂದ ಹೇಳಲಾಗಿಲ್ಲ.

ಅದೇ ಚಿತ್ರದ ಮೇಲಂಚಿನಲ್ಲಿ ಒಂದು ಬೆರಳಚ್ಚಿನ ಗುರುತಿತ್ತು. 2009ರಲ್ಲಿ ತಜ್ಞರೊಬ್ಬರು ಅದನ್ನು ಹಿಗ್ಗಿಸಿ ನೋಡಿ, ವ್ಯಾಟಿಕನ್ನಿನಲ್ಲಿರುವ ಲಿಯೊನಾರ್ಡೊನ ಇನ್ನೊಂದು ಚಿತ್ರದ ಮೇಲಿನ ಬೆರಳಚ್ಚಿಗೆ ಹೋಲುತ್ತದೆ ಎಂದರು. ಲೋಕವೆಲ್ಲ ಸುದ್ದಿಯಾಯಿತು. ಆಮೇಲೆ ಆ ಹೋಲಿಕೆಯೇ ಪ್ರಶ್ನೆಗೆ ಗುರಿಯಾಯಿತು, ಅದು ಬೇರೆ ಮಾತು. 500 ವರ್ಷ ಹಿಂದೆ ಸತ್ತವನ ಬೆರಳಿನ ಅರ್ಧ ಗುರುತಿಗಾಗಿ ಎಷ್ಟು ಕ್ಯಾಮೆರಾ, ಎಷ್ಟು ಪಂಡಿತರು, ಎಷ್ಟು ದುಡ್ಡು!

ಈಗ ನನ್ನ ಆಯಿಯ ಬೆರಳಿನ ಮಾತು ಹೇಳುತ್ತೇನೆ. ಆಯಿ ಹುಡುಗಿಯಾಗಿದ್ದಾಗಿನಿಂದ ಸುಣ್ಣದ ಬಾನಿಯಲ್ಲಿ ಕೈಯಿಟ್ಟವಳು. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಚಕ್ಕಳ ತುಳಿದವಳು, ಹಿಂಡಿದವಳು. ಆಮೇಲೆ ಹದ ಮಾಡಿದ ತೊಗಲು ಚೆನ್ನೈ ಕಡೆಯಿಂದ ಬರತೊಡಗಿದ ಮೇಲೆ ಬಾನಿ ಬಿಟ್ಟು ಬಾರು ಹೆಣೆಯಲು ಕೂತಳು. ಅರವತ್ತು ವರ್ಷದಲ್ಲಿ ಸುಣ್ಣ ಮತ್ತು ದಾರ ಸೇರಿ ಅವಳ ಬೆರಳ ಗೆರೆಗಳನ್ನು ಉಜ್ಜಿಬಿಟ್ಟಿವೆ. ರೇಶನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತುತ್ತಾಳೆ. ಕೆಂಪು ಬರುತ್ತದೆ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಕೆಂಪು. "ಎಣ್ಣಿ ಹಚ್ಕೊಂಡು ನಾಳಿ ಬಾರವ್ವಾ" ಅನ್ನುತ್ತಾನೆ ಅಂಗಡಿಯವನು. ನಾಳೆಯೂ ಕೆಂಪು. ಕೊನೆಗೆ ಕಾಲೇಜಿಗೆ ಹೋಗುವ ನನ್ನ ತಂಗಿ ಬಂದು ಬೆರಳು ಒತ್ತಿದಳು, ಅಕ್ಕಿ ಬಂತು. ಬಾನಿ ಮುಟ್ಟದ ಬೆರಳು ಅಸಲಿ, ಬಾನಿಯಲ್ಲಿ ಸವೆದ ಬೆರಳು ನಕಲಿ. ಆಯಿ ಮನೆಗೆ ಬಂದು, "ನಾ ನಾನ ಅಲ್ಲಂತೋ" ಅಂದು ನಕ್ಕಳು. ಆ ನಗುವಿನ ಬಗ್ಗೆ ಕವಿತೆ ಬರೆಯಲು ನಾನು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ.

ಇದು ನಮ್ಮ ಆಯಿಯೊಬ್ಬಳ ಕತೆಯಲ್ಲ. ಕಲ್ಲು ಒಡೆಯುವವರು, ಗಾರೆ ಕೆಲಸದವರು, ಬೀಡಿ ಕಟ್ಟುವವರು, ಎಲ್ಲರ ಬೆರಳೂ ಯಂತ್ರಕ್ಕೆ ಹೀಗೇ ಅಪರಿಚಿತ. ಬೆರಳಚ್ಚಿನ ಯಂತ್ರ ಮಾಡಿದವನು ಯಾರ ಬೆರಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಗೊತ್ತಿಲ್ಲ, ದುಡಿಯುವವರ ಬೆರಳನ್ನಂತೂ ಅಲ್ಲ.

ಕಾಗದದ ಕತೆಗೆ ಬರೋಣ. 2005ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಸೆಲ್ ಕೌಬರ್ನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಪ್ರಕಟಿಸಿದರು. ಯಾವ ಕಾಗದವೂ ಪೂರ್ತಿ ನಯವಲ್ಲ. ನಾರು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಆದ ಉಬ್ಬು ತಗ್ಗುಗಳು ಪ್ರತಿ ಹಾಳೆಗೂ ಬೇರೆ ಬೇರೆ. ಅದರ ಮೇಲೆ ಲೇಸರ್ ಬೆಳಕು ಹಾಯಿಸಿ, ಚೆದುರಿದ ಬೆಳಕಿನ ಮಾದರಿಯನ್ನು ಬರೆದಿಟ್ಟುಕೊಂಡರೆ ಅದೇ ಆ ಹಾಳೆಯ ಬೆರಳಚ್ಚು. ಹಾಳೆಯನ್ನು ಉಂಡೆ ಕಟ್ಟಿದರು, ತಣ್ಣೀರಿನಲ್ಲಿ ಮುಳುಗಿಸಿದರು, 180 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಬೇಯಿಸಿದರು, ಮೇಲೆ ಗೀಚಿದರು, ಉಜ್ಜಿದರು. ಆದರೂ ಗುರುತು ಸಿಕ್ಕಿತು. ಮುದ್ರೆ ಬೇಡ, ಚೀಟಿ ಬೇಡ. ವಸ್ತುವಿನ ಮೈಯೇ ಅದರ ಸಾಕ್ಷಿ.

ಓದಿದಾಗ ನನಗೆ ನೆನಪಾದದ್ದು ನನ್ನ ಜಾತಿ ಪ್ರಮಾಣಪತ್ರ. ನಮ್ಮಂಥವರ ಬದುಕು ಒರಿಜಿನಲ್ಲು, ಝೆರಾಕ್ಸು, ಅಟೆಸ್ಟೇಶನ್ನುಗಳ ನಡುವೆಯೇ ಕಳೆಯುತ್ತದೆ. ನಾಡಕಚೇರಿಯ ಪತ್ರದ ಮೇಲೆ ಈಗ ಒಂದು ಆರ್‌ಡಿ ನಂಬರು ಇರುತ್ತದೆ, ಅದನ್ನು ಒತ್ತಿದರೆ ಪತ್ರ ಖರೆಯೋ ಸುಳ್ಳೋ ಎಂದು ಕಂಪ್ಯೂಟರು ಹೇಳುತ್ತದೆ. ಒಳ್ಳೆಯದೇ. ಆದರೆ ನಮ್ಮ ಪಾಲಿನ ಸೀಟು, ನಮ್ಮ ಪಾಲಿನ ನೌಕರಿ ಕಸಿಯುವ ಸುಳ್ಳು ಪ್ರಮಾಣಪತ್ರಗಳು ಬಹಳ ಸಲ ಯಾವ ಬಗೆಯವು ಗೊತ್ತೇ? ಕಾಗದ ಅಸಲಿ, ಸೀಲು ಅಸಲಿ, ತಹಶೀಲ್ದಾರರ ಸಹಿ ಅಸಲಿ, ನಂಬರು ಅಸಲಿ. ಒಳಗೆ ಬರೆದ ಜಾತಿಯೊಂದು ಸುಳ್ಳು. ಎಷ್ಟೇ ಲೇಸರ್ ಹಾಯಿಸಿದರೂ ಆ ಸುಳ್ಳು ಸಿಕ್ಕುವುದಿಲ್ಲ. ಅದನ್ನು ಹಿಡಿಯಲು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಪೊಲೀಸರು ಊರಿಗೆ ಬರಬೇಕು, ಅಜ್ಜನ ಹೆಸರು ಕೇಳಬೇಕು, ಯಾವ ಕೇರಿ, ಯಾವ ಬಾವಿ, ಯಾರ ಮನೆಯಲ್ಲಿ ಉಂಡಿರಿ, ಯಾರು ನಿಮ್ಮನ್ನು ಹೊರಗೆ ಕೂರಿಸಿದರು ಎಂದು ಕೇಳಬೇಕು. ಅಂದರೆ ವಸ್ತುವಿನ ಅಸಲಿತನ ಬೇರೆ, ಮಾತಿನ ಅಸಲಿತನ ಬೇರೆ. ಕ್ಯಾಮೆರಾ ಮೊದಲನೆಯದನ್ನು ಹೇಳಬಲ್ಲದು. ಎರಡನೆಯದಕ್ಕೆ ಕೇರಿಯೇ ಬಂದು ಬಾಯಿ ಬಿಡಬೇಕು.

ಹರಳಯ್ಯನ ಕತೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬಸವಣ್ಣನಿಗಾಗಿ ಹರಳಯ್ಯ ಕಲ್ಯಾಣಮ್ಮ ತಮ್ಮ ತೊಡೆಯ ತೊಗಲು ತೆಗೆದು ಮೆಟ್ಟು ಹೊಲಿದರಂತೆ. ಆ ಮೆಟ್ಟನ್ನು ಇವತ್ತಿನ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಇಟ್ಟರೆ ಅದು ಮನುಷ್ಯನ ಚರ್ಮ ಎಂದು ಹೇಳೀತು. ಅದು ಕೃತಜ್ಞತೆಯೋ, ತಲೆತಲಾಂತರದಿಂದ ತಲೆಬಾಗಿಸಿ ಕಲಿಸಿದ ಅಭ್ಯಾಸವೋ, ಮುಂದೆ ಹರಳಯ್ಯನ ಮಗನಿಗೆ ಮಧುವರಸ ತನ್ನ ಮಗಳನ್ನು ಕೊಟ್ಟಾಗ ಕಲ್ಯಾಣ ಯಾಕೆ ಹೊತ್ತಿ ಉರಿಯಿತು, ಇದನ್ನು ಯಾವ ಮಸೂರ ತೋರಿಸೀತು?

ಈಗ ಕೊಲ್ಲಾಪುರಿ ಚಪ್ಪಲಿಯ ಮಾತು. ಹೆಸರು ಕೊಲ್ಲಾಪುರದ್ದು, ಆದರೆ ಅಥಣಿ, ನಿಪ್ಪಾಣಿ ಕಡೆಯ ಸಮಗಾರ, ಢೋರ ಮನೆಗಳಲ್ಲೂ ಹುಟ್ಟುತ್ತದೆ. ಮೊಳೆ ಹೊಡೆಯುವುದಿಲ್ಲ. ಅಟ್ಟೆ, ಹಿಮ್ಮಡಿ, ಬಾರು, ಉಂಗುಟ, ಎಲ್ಲವೂ ಕೈಹೊಲಿಗೆ. ಅಟ್ಟೆ ಕೊಯ್ಯುವುದು ಗಂಡಸರು, ಹೆಣೆಯುವುದು ಬಹುಪಾಲು ಹೆಂಗಸರು. 2019ರಲ್ಲಿ ಇದಕ್ಕೆ ಜಿಐ ಮಾನ್ಯತೆ ಬಂತು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಒಟ್ಟು 8 ಜಿಲ್ಲೆಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಹಕ್ಕು ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳ ಹೆಸರಿನಲ್ಲಿದೆ, ಅಲ್ಲಿಯದು ಲಿಡ್‌ಕಾಮ್, ಇಲ್ಲಿಯದು ಲಿಡ್‌ಕರ್.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ತನ್ನ ಫ್ಯಾಷನ್ ಮೆರವಣಿಗೆಯಲ್ಲಿ ಗಂಡಸರ ಕಾಲಿಗೆ ತೊಡಿಸಿದ್ದು ಇದೇ ಆಕಾರದ ಮೆಟ್ಟು. ಅದನ್ನು ಚರ್ಮದ ಚಪ್ಪಲಿ ಎಂದು ಕರೆದರೇ ಹೊರತು ಕೊಲ್ಲಾಪುರದ ಹೆಸರಿಲ್ಲ, ನಮ್ಮ ಹೆಸರಂತೂ ಇಲ್ಲವೇ ಇಲ್ಲ. ಗದ್ದಲವಾದ ಮೇಲೆ, ಇದು ಭಾರತದ ಕೈಕಸುಬಿನಿಂದ ಬಂದ ಪ್ರೇರಣೆ ಎಂದು ಒಪ್ಪಿ ಕಾಗದ ಬರೆದರು. ಈ ಪ್ರಾಡಾ ತನ್ನ ಚೀಲದ ವಿಷಯದಲ್ಲಿ ಎಷ್ಟು ಹುಷಾರು ನೋಡಿ. 2021ರಲ್ಲಿ ಎಲ್‌ವಿಎಂಎಚ್ ಮತ್ತು ಕಾರ್ತಿಯೇ ಜೊತೆ ಸೇರಿ ಔರಾ ಎಂಬ ಒಕ್ಕೂಟ ಕಟ್ಟಿ, ತಮ್ಮ ಮಾಲಿಗೆ ಯಾರೂ ತಿದ್ದಲಾಗದ ಡಿಜಿಟಲ್ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿಕೊಂಡಿತು. ತನ್ನದರ ಅಸಲಿತನಕ್ಕೆ ಅಷ್ಟು ಕಾವಲು, ಪರರ ಅಸಲಿತನ ಬೇಲಿಯಿಲ್ಲದ ಹೊಲ.

ಇದನ್ನು ಪ್ರಶ್ನಿಸಿ ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಹೋದರು. 2025ರ ಜುಲೈಯಲ್ಲಿ ಅರ್ಜಿ ವಜಾ ಆಯಿತು. ಜಿಐ ಯಾರ ಹೆಸರಿನಲ್ಲಿದೆಯೋ ಅವರೇ ಬಂದು ಕೇಳಬೇಕು ಎಂಬುದು ಕೋರ್ಟಿನ ಮಾತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಡಾ, ಲಿಡ್‌ಕಾಮ್, ಲಿಡ್‌ಕರ್ ಮೂರೂ ಒಪ್ಪಂದಕ್ಕೆ ಬಂದವು. ಇಲ್ಲಿಯ ಕಸುಬುದಾರರಿಂದ 2,000 ಜೊತೆ ಮಾಡಿಸಿ ಜೊತೆಗೆ ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಘೋಷಿಸಿದರು. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿ ದಾಟುತ್ತದೆ. ಇದರಲ್ಲಿ ಹೊಲಿದವರ ಕೈಗೆ ಎಷ್ಟು ಎಂಬ ಲೆಕ್ಕವೂ ಆ ಪ್ರಮಾಣಪತ್ರದ ಮೇಲೆ ಬರಬೇಕು ಎಂದು ನಾವು ಕೇಳಬೇಕಲ್ಲವೇ?

ಅಲ್ಲಿಯೇ ಇನ್ನೊಂದು ಬೆಳವಣಿಗೆ ಆಯಿತು. 2025ರಲ್ಲಿ ಲಿಡ್‌ಕಾಮ್ ಕೊಲ್ಲಾಪುರಿ ಚಪ್ಪಲಿಗೆ ಕ್ಯೂಆರ್ ಕೋಡ್ ತಂದಿತು. ಫೋನ್ ಹಿಡಿದರೆ ಮಾಡಿದವರ ಇಲ್ಲವೇ ಸ್ವಸಹಾಯ ಸಂಘದ ಹೆಸರು, ಊರು, ಜಿಲ್ಲೆ, ಬಳಸಿದ ತೊಗಲು, ಕಸುಬಿನ ರೀತಿ ಎಲ್ಲ ಕಾಣುತ್ತದೆ ಎಂದರು. ನನಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಅಜ್ಜ ಹೊಲಿದ ಮೆಟ್ಟಿನ ಮೇಲೆ ಯಾವತ್ತೂ ಅಜ್ಜನ ಹೆಸರು ಇರಲಿಲ್ಲ. ಪೇಟೆಯ ಅಂಗಡಿಯವನೊಬ್ಬ ತನ್ನ ಮುದ್ರೆ ಕೊಟ್ಟು ಕಳಿಸುತ್ತಿದ್ದ, ಅಜ್ಜ ತನ್ನ ಕೈಯಾರೆ ಹಿಮ್ಮಡಿಯ ಮೇಲೆ ಅವನ ಹೆಸರು ಒತ್ತಿ ಕೊಡುತ್ತಿದ್ದ. ಕಲೆಯ ಲೋಕದಲ್ಲಿ ಇದಕ್ಕೆ ಸುಳ್ಳು ಸಹಿ ಅನ್ನುತ್ತಾರೆ, ಜೈಲಿಗೆ ಹಾಕುತ್ತಾರೆ. ನಮ್ಮಲ್ಲಿ ಇದಕ್ಕೆ ವ್ಯಾಪಾರ ಅನ್ನುತ್ತಾರೆ. ಮೆಟ್ಟು ಹೊಲಿದವನು ಮೆಟ್ಟು ಮೆಟ್ಟಿಕೊಂಡು ಮೇಲಿನವರ ಓಣಿಯಲ್ಲಿ ನಡೆಯಬಾರದು ಎಂದ ನಾಡಿನಲ್ಲಿ, ಮೆಟ್ಟಿನ ಮೇಲೆ ಅವನ ಹೆಸರು ಬರುತ್ತದೆ ಎಂದರೆ ಅದು ಹೋರಾಟದ ಫಲವೇ.

ಆದರೂ ಕಣ್ಣು ತೆರೆದು ನೋಡೋಣ. ಕ್ಯೂಆರ್ ಕೋಡ್ ಸಾಕ್ಷಿ ಹೇಳುವುದು ಚೀಟಿಯ ಪರವಾಗಿ, ಚಪ್ಪಲಿಯ ಪರವಾಗಿ ಅಲ್ಲ. ಆ ಕರಿ ಚೌಕದ ಫೋಟೋ ತೆಗೆದು ಸಾವಿರ ಪ್ರತಿ ಮಾಡಿ ಸಾವಿರ ರೆಕ್ಸಿನ್ ಚಪ್ಪಲಿಗೆ ಅಂಟಿಸಲು ಒಂದು ಪ್ರಿಂಟರು ಸಾಕು. ಪ್ರತಿ ಜೊತೆಗೆ ಬೇರೆ ನಂಬರು ಕೊಟ್ಟು, ಒಂದೇ ನಂಬರು ಎರಡು ಊರಲ್ಲಿ ತೆರೆದರೆ ಪತ್ತೆ ಹಚ್ಚುವ ಏರ್ಪಾಟು ಬೇಕು. ಅದಕ್ಕಿಂತ ಗಟ್ಟಿಯಾದದ್ದು ಕೌಬರ್ನ್ ಕಾಗದದಲ್ಲಿ ಕಂಡ ದಾರಿ. ತೊಗಲಿಗೆ ಕಾಗದಕ್ಕಿಂತ ದೊಡ್ಡ ಗುರುತಿದೆ. ಒಂದು ಕೋಣದ ತೊಗಲು ಇನ್ನೊಂದರಂತಿಲ್ಲ, ಒಂದೇ ತೊಗಲಿನ ಎರಡು ತುಂಡು ಒಂದರಂತೆ ಇನ್ನೊಂದಿಲ್ಲ. ಸವೆಯದ ಜಾಗವೊಂದನ್ನು ಗೊತ್ತು ಮಾಡಿ, ಪ್ರತಿ ಜೊತೆಯದೂ ಅಲ್ಲಿಯ ಹತ್ತಿರದ ಫೋಟೋ ತೆಗೆದಿಟ್ಟರೆ, ಮುಂದೆ ಯಾವ ಊರಲ್ಲಿ ಸಿಕ್ಕರೂ ತಾಳೆ ಹಾಕಬಹುದು. ಅದರ ಕ್ಯಾಮೆರಾ ಈಗ ನಮ್ಮ ಹುಡುಗರ ಜೇಬಿನಲ್ಲೇ ಇದೆ.

ಆದರೆ ಆ ಫೋಟೋಗಳ ಕಂತೆ ಯಾರ ಕಪಾಟಿನಲ್ಲಿರಬೇಕು? ಕಂಪನಿಯದೋ, ನಿಗಮದ್ದೋ, ಹೊಲಿಯುವವರ ಸಹಕಾರ ಸಂಘದ್ದೋ? ಹಿಂದೆ ಊರ ದಫ್ತರ ಶಾನುಭೋಗರ ಮನೆಯಲ್ಲಿತ್ತು. ಹೊಲ ಯಾರದು ಎಂದು ಹೇಳುವ ಹಕ್ಕು ಉಳುವವನಿಗಿರಲಿಲ್ಲ, ದಫ್ತರ ಇಟ್ಟುಕೊಂಡವನಿಗಿತ್ತು. ಡಿಜಿಟಲ್ ದಫ್ತರವೂ ಹಾಗೇ ಆದರೆ ನಮ್ಮ ಗತಿ ಬದಲಾಗುವುದಿಲ್ಲ. ಹೆಸರು ಬರೆಯುವಾಗ ಮನೆಯ ಯಜಮಾನನದೊಂದೇ ಬರೆದು, ಬಾರು ಹೆಣೆದ ನಮ್ಮವ್ವನ ಹೆಸರು ಬಿಟ್ಟರೆ ಅದೂ ಸುಳ್ಳು ಸಹಿಯೇ.

ಫೋಟೋದ ಬಲ ಎಂಥದ್ದು ಎಂಬುದಕ್ಕೆ ತಮಿಳುನಾಡಿನ ಶ್ರೀಪುರಂತನ್ ಊರಿನ ನಟರಾಜನ ಕತೆ ಸಾಕು. ಗುಡಿಯಿಂದ ಕದ್ದ ಆ ಚೋಳರ ಕಾಲದ ವಿಗ್ರಹವನ್ನು 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಮಾರಿದವನ ಹತ್ತಿರ ಸುಳ್ಳು ದಾಖಲೆಗಳಿದ್ದವು. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಅದೇ ವಿಗ್ರಹ ಗುಡಿಯಲ್ಲಿದ್ದಾಗ ತೆಗೆದ ಹಳೆಯ ಫೋಟೋಗಳಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟರು. 2014ರಲ್ಲಿ ವಿಗ್ರಹ ವಾಪಸು ಬಂತು. ಕದ್ದ ಮಾಲು ವಾಪಸು ಬಂದದ್ದು ನ್ಯಾಯವೇ. ನಾನು ಕೇಳುವುದು ಇನ್ನೊಂದು. ಗುಡಿಯೊಳಗೆ ಕ್ಯಾಮೆರಾ ಹೋಯಿತು. ನಮ್ಮ ಕೇರಿಯೊಳಗೆ ಯಾವಾಗ ಬಂತು? ನಮ್ಮ ಬಾನಿ, ನಮ್ಮ ಹಲಗೆ, ನಮ್ಮ ಮೆಟ್ಟು, ನಮ್ಮ ಮಾರಿಗುಡಿಯ ಮರದ ಬೊಂಬೆ ಇವುಗಳ ಫೋಟೋ ಯಾವ ಸಂಸ್ಥೆಯಲ್ಲಿದೆ? ಮೆಟ್ಟಿಗೆ ಇನ್ನೂ ಒಂದು ಶಾಪವಿದೆ. ದೇವರು ಗುಡಿಯಲ್ಲಿ ಸಾವಿರ ವರ್ಷ ಕೂರುತ್ತಾನೆ, ಮೆಟ್ಟು ಎರಡು ವರ್ಷದಲ್ಲಿ ಸವೆದು ತಿಪ್ಪೆಗೆ ಬೀಳುತ್ತದೆ. ಅಜ್ಜ ಹೊಲಿದದ್ದರಲ್ಲಿ ಒಂದು ಜೊತೆಯೂ ಇವತ್ತು ಉಳಿದಿಲ್ಲ. ನಾಳೆ ಯಾರಾದರೂ ಈ ಹೆಣಿಗೆ ನಮ್ಮದು ಎಂದು ಸಹಿ ಹಾಕಿದರೆ, ಅಲ್ಲ ಅನ್ನಲು ನಮ್ಮ ಕೈಯಲ್ಲಿ ಏನಿದೆ?

ಆದ್ದರಿಂದ ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳಿ ಈ ಬರಹ ನಿಲ್ಲಿಸುತ್ತೇನೆ. ಇದಕ್ಕೆ ಪ್ಯಾರಿಸಿನ ಕ್ಯಾಮೆರಾ ಬೇಡ. ನಿಮ್ಮೂರಿನಲ್ಲಿ ಕಸುಬು ಮಾಡುವ ಮನೆಗೆ ಹೋಗಿ. ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಫೋಟೋ ತೆಗೆಯಿರಿ. ವಸ್ತುವಿನ ಪಕ್ಕ ಒಂದು ಅಳತೆಪಟ್ಟಿ ಇಡಿ. ದೀಪವನ್ನು ಮೇಲಿಂದ ಅಲ್ಲ, ಪಕ್ಕದಿಂದ ತಗ್ಗಾಗಿ ಹಿಡಿಯಿರಿ, ಆಗ ಹೊಲಿಗೆಯ ಉಬ್ಬು, ಉಳಿಯ ಗುರುತು ನೆರಳಿನಲ್ಲಿ ಎದ್ದು ಕಾಣುತ್ತವೆ. ಮುಂದೆ, ಹಿಂದೆ, ಅಡಿಗೆ, ಮತ್ತು ಒಂದು ಜಾಗದ ಅತಿ ಹತ್ತಿರದ ಚಿತ್ರ. ತಾರೀಖು ಬರೆಯಿರಿ, ಊರು ಬರೆಯಿರಿ, ಕೊಯ್ದವರು ಯಾರು, ಹೆಣೆದವರು ಯಾರು, ಕಲಿಸಿದವರು ಯಾರು ಎಲ್ಲ ಬರೆಯಿರಿ. ಒಂದು ಪ್ರತಿ ಆ ಮನೆಯಲ್ಲೇ ಉಳಿಯಲಿ.

ನಗರದ ವಸ್ತುಸಂಗ್ರಹಾಲಯಗಳಲ್ಲಿ ನಮ್ಮಂಥವರು ಮಾಡಿದ ವಸ್ತುವಿನ ಕೆಳಗಿನ ಚೀಟಿಯಲ್ಲಿ ಕಾಲವಿರುತ್ತದೆ, ಊರಿರುತ್ತದೆ, ದಾನ ಕೊಟ್ಟ ದೊರೆಯ ಹೆಸರೂ ಇರುತ್ತದೆ. ಮಾಡಿದವರು ಎಂಬಲ್ಲಿ ಖಾಲಿ, ಇಲ್ಲವೇ ಅಜ್ಞಾತ. ಹಿಂದಿನ ಸಾವಿರ ಚೀಟಿಗಳನ್ನು ತುಂಬುವುದು ನಮ್ಮ ಕೈಯಲ್ಲಿಲ್ಲ. ಇವತ್ತು ಕಾಕಾ ಹೊಲಿಯುತ್ತಿರುವ ಜೊತೆಯ ಚೀಟಿ ನಮ್ಮ ಕೈಯಲ್ಲಿದೆ. ಬರೆಯೋಣ.